ಸ್ವಿಚ್ಚಿನ ಪೋರ್ಟುಗಳ ಸ್ಥಿತಿ: ಅದನ್ನು ಕೇಳುವ ಮತ್ತು ಓದುವ ಕ್ರಮ

ಕಚೇರಿಯೊಂದರಲ್ಲಿ ಯಾವುದೋ ಕಂಪ್ಯೂಟರಿಗೆ ನೆಟ್‌ವರ್ಕು ದೊರೆಯದೆ ಹೋದಾಗ ಆ ದೂರು ಹಲವು ಕೈಗಳನ್ನು ದಾಟಿ ಕೊನೆಗೆ ಬಂದು ನಿಲ್ಲುವುದು ಸ್ವಿಚ್ಚಿನ ಬಳಿಯಲ್ಲಿ. ಮಹಡಿಯ ಮೂಲೆಯ ಕಪಾಟಿನೊಳಗೆ ೨೪ ಅಥವಾ ೪೮ ಪೋರ್ಟುಗಳನ್ನು ಸಾಲಾಗಿ ತೆರೆದುಕೊಂಡು ಕುಳಿತಿರುವ ಆ ಪೆಟ್ಟಿಗೆಯ ಮುಂದೆ ನಿಂತವನು ಮೊದಲು ನೋಡುವುದು ಪೋರ್ಟಿನ ಮೇಲಣ ಪುಟ್ಟ ದೀಪವನ್ನು. ಅದು ಹಸುರಾಗಿ ಉರಿಯುತ್ತಿದ್ದರೆ "ಇಲ್ಲಿ ಎಲ್ಲವೂ ಸರಿಯಾಗಿದೆ, ದೋಷ ನಿಮ್ಮ ಕಂಪ್ಯೂಟರಿನದು" ಎಂಬ ತೀರ್ಪು ಹೊರಡುತ್ತದೆ, ಆರಿದ್ದರೆ "ಕೇಬಲ್ಲು ಕೆಟ್ಟಿದೆ" ಎಂಬ ತೀರ್ಪು. ಎರಡೂ ಅನೇಕ ವೇಳೆ ತಪ್ಪಾಗುತ್ತವೆ. ದೀಪವು ಹೇಳಬಲ್ಲುದು ಅತ್ಯಲ್ಪ. ಬಹು ಕಾಲ ಬಳಕೆಯಲ್ಲಿದ್ದ ಕೆಲವು ಕ್ಯಾಟಲಿಸ್ಟ್ ಮಾದರಿಗಳಲ್ಲಂತೂ ಪಕ್ಕದ ‘ಮೋಡ್’ ಗುಂಡಿಯನ್ನು ಒತ್ತಿದೊಡನೆ ಅದೇ ದೀಪದ ಅರ್ಥವೇ ಬೇರೆಯಾಗುತ್ತದೆ: ಒಮ್ಮೆ ಕೇಬಲ್ಲಿನ ಸಂಬಂಧವನ್ನು ಸೂಚಿಸುತ್ತಿದ್ದುದು ಇನ್ನೊಮ್ಮೆ ವೇಗವನ್ನು, ಮತ್ತೊಮ್ಮೆ ಡ್ಯೂಪ್ಲೆಕ್ಸನ್ನು ಸೂಚಿಸತೊಡಗುತ್ತದೆ. ಗುಂಡಿಯನ್ನು ಯಾರು ಯಾವಾಗ ಒತ್ತಿದರೆಂಬುದನ್ನು ಅರಿಯದೆ ದೀಪವನ್ನು ನೋಡಿ ನಿರ್ಣಯ ಹೇಳುವುದು ಸಾಹಸವೇ ಸರಿ.

ದೀಪವು ಹೇಳಲಾರದುದನ್ನು ಸ್ವಿಚ್ಚು ಮಾತಿನಲ್ಲಿ ಹೇಳಬಲ್ಲದು. ಕಮಾಂಡು ಬರೆದು ಕೇಳಿದರೆ ಪ್ರತಿಯೊಂದು ಪೋರ್ಟಿನ ಸ್ಥಿತಿಯನ್ನೂ ಅದು ಒಂದೊಂದು ಪಂಕ್ತಿಯಲ್ಲಿ ನಿರೂಪಿಸುತ್ತದೆ. ಆ ಪಂಕ್ತಿಯು ಬಹು ಸಂಕ್ಷಿಪ್ತವಾದುದರಿಂದ ಅದನ್ನು ಓದುವವನಿಗೆ ಎರಡು ವಿಷಯಗಳು ತಿಳಿದಿರಬೇಕು. ಸ್ವಿಚ್ಚು ತನಗೆ ಕಂಡುದನ್ನು ಮಾತ್ರ ಹೇಳುತ್ತದೆ, ಕೇಬಲ್ಲಿನ ಆಚೆಯ ತುದಿಯ ನಿಜಸ್ಥಿತಿ ಅದಕ್ಕೆ ನೇರವಾಗಿ ಗೊತ್ತಿಲ್ಲ ಎಂಬುದು ಒಂದು. ‘ಕೆಲಸ ನಡೆಯುತ್ತಿಲ್ಲ’ ಎಂಬ ಒಂದೇ ಫಲಕ್ಕೆ ಪರಸ್ಪರ ಸಂಬಂಧವಿಲ್ಲದ ಮೂರು ಕಾರಣಗಳಿರಬಹುದು, ಇಂಗ್ಲಿಷಿನ ‘ಡೌನ್’ ಎಂಬ ಮಾತು ಆ ಮೂರನ್ನೂ ಒಂದೇ ಮುಸುಕಿನೊಳಗೆ ಮುಚ್ಚಿಬಿಡುತ್ತದೆ ಎಂಬುದು ಇನ್ನೊಂದು. ಈ ಎರಡನೆಯ ವಿಷಯದಲ್ಲಿ ಕನ್ನಡ ಬಲ್ಲವನಿಗೆ ಒಂದು ಅನುಕೂಲವುಂಟು. ಅದನ್ನು ಮುಂದೆ ಅದರ ಸ್ಥಳದಲ್ಲಿ ನೋಡಬಹುದು.

ಇಂದಿನ ಸ್ಥಿತಿಪಟ್ಟಿಯಲ್ಲಿ ಕಾಣುವ ಕೆಲವು ಮಾತುಗಳು ಹಿಂದಿನ ಕಾಲದ ಪಳೆಯುಳಿಕೆಗಳಾಗಿರುವುದರಿಂದ ಸ್ವಿಚ್ಚಿನ ಪೂರ್ವಚರಿತ್ರೆಯನ್ನು ಸ್ವಲ್ಪ ತಿಳಿದುಕೊಳ್ಳುವುದು ಅವಶ್ಯ. ೧೯೭೩ರಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಅವರು ಈಥರ್‌ನೆಟ್ ಪದ್ಧತಿಯನ್ನು ಕಲ್ಪಿಸಿದಾಗ ಅದರಲ್ಲಿ ಈಗಿನ ಅರ್ಥದ ಪೋರ್ಟುಗಳೇ ಇರಲಿಲ್ಲ. ಇದ್ದುದು ಉದ್ದಕ್ಕೂ ಹಾಸಿದ ಒಂದೇ ದಪ್ಪನೆಯ ಕೇಬಲ್ಲು. ಎಲ್ಲ ಯಂತ್ರಗಳೂ ಅದಕ್ಕೇ ತಗಲಿಕೊಂಡಿದ್ದವು. ಒಂದು ಮಾತನಾಡುವಾಗ ಉಳಿದವು ಸುಮ್ಮನಿರಬೇಕು. ಎರಡು ಒಮ್ಮೆಗೇ ಬಾಯಿ ತೆರೆದರೆ ಘರ್ಷಣೆಯಾಗಿ, ಎರಡೂ ನಿಂತು, ಸ್ವಲ್ಪ ಹೊತ್ತು ಕಾದು ಮತ್ತೆ ಪ್ರಯತ್ನಿಸಬೇಕು. ೧೯೯೦ರಲ್ಲಿ ಹೆಣೆದ ಜೋಡಿತಂತಿಗಳ ಮೇಲೆ ಈಥರ್‌ನೆಟ್ಟನ್ನು ಒಯ್ಯುವ ಪ್ರಮಾಣವು ಸಿದ್ಧವಾಗಿ, ಯಂತ್ರಕ್ಕೊಂದು ಕೇಬಲ್ಲು, ಕೇಬಲ್ಲಿಗೊಂದು ಪೋರ್ಟು ಎಂಬ ಈಗಿನ ಏರ್ಪಾಡು ಬಂದಿತು. ಅದೇ ವರ್ಷ ಕ್ಯಾಲಿಫೋರ್ನಿಯದ ಒಂದು ಕಂಪನಿಯು ಏಳು ಪೋರ್ಟುಗಳ ಮೊದಲ ಈಥರ್‌ನೆಟ್ ಸ್ವಿಚ್ಚನ್ನು ಹೊರತಂದಿತು. ಆ ಕಂಪನಿಯ ಹೆಸರು ‘ಕಲ್ಪನಾ’. ಅದರ ಸ್ಥಾಪಕರಿಬ್ಬರಲ್ಲಿ ಒಬ್ಬರಾದ ವಿನೋದ್ ಭಾರದ್ವಾಜ್ ಅವರು ಭಾರತೀಯ ಮೂಲದವರು; ಕಂಪನಿಗೆ ಇಟ್ಟುದು ಅವರ ಪತ್ನಿಯ ಹೆಸರು. ೧೯೯೪ರಲ್ಲಿ ಸಿಸ್ಕೊ ಕಂಪನಿಯು ಅದನ್ನು ಕೊಂಡುಕೊಂಡಿತು. ಹೆಸರು ಮರೆಯಾಯಿತು, ಯಂತ್ರ ಉಳಿಯಿತು. ತನಗೆ ಬಂದ ಫ್ರೇಮನ್ನು ಎಲ್ಲರಿಗೂ ಕೂಗಿ ಹೇಳದೆ, ಅದರ ಮೇಲಿನ ವಿಳಾಸವನ್ನು ಓದಿ, ಆ ವಿಳಾಸದ ಯಂತ್ರವಿರುವ ಪೋರ್ಟಿಗೆ ಮಾತ್ರ ಒಪ್ಪಿಸುವುದು ಸ್ವಿಚ್ಚಿನ ವಿಶೇಷ. ಹೀಗಾದ ಮೇಲೆ ಕೇಬಲ್ಲಿನ ಎರಡು ತುದಿಗಳಲ್ಲಿ ಇಬ್ಬರೇ ಉಳಿದರು. ಇಬ್ಬರೂ ಏಕಕಾಲದಲ್ಲಿ ಮಾತನಾಡಿ ಏಕಕಾಲದಲ್ಲಿ ಕೇಳಬಹುದಾಯಿತು. ಹಳೆಯ ಸರದಿಯ ಪದ್ಧತಿಗೆ ‘ಹಾಫ್ ಡ್ಯೂಪ್ಲೆಕ್ಸ್’ ಎಂದೂ ಈ ಹೊಸ ಪದ್ಧತಿಗೆ ‘ಫುಲ್ ಡ್ಯೂಪ್ಲೆಕ್ಸ್’ ಎಂದೂ ಹೆಸರು. ಈ ಎರಡು ಮಾತುಗಳನ್ನು ವಾಚಕರು ನೆನಪಿನಲ್ಲಿಡಬೇಕು.

ಸ್ವಿಚ್ಚನ್ನು ಮಾತನಾಡಿಸುವ ದಾರಿಗಳು ಎರಡು. ಅದರ ‘ಕನ್ಸೋಲ್’ ರಂಧ್ರಕ್ಕೆ ಕೇಬಲ್ಲನ್ನು ಸಿಕ್ಕಿಸಿ, ಸಾಮಾನ್ಯವಾಗಿ ೯೬೦೦ ಬಾಡ್ ವೇಗದಲ್ಲಿ, ಎದುರುಬದುರಾಗಿ ಕೇಳುವುದು ಒಂದು. ದೂರದಿಂದ ‘ಎಸ್‌ಎಸ್‌ಎಚ್’ ಮಾರ್ಗವಾಗಿ ಪ್ರವೇಶಿಸಿ ಕೇಳುವುದು ಇನ್ನೊಂದು. (‘ಟೆಲ್‌ನೆಟ್’ ಎಂಬ ಹಳೆಯ ಮಾರ್ಗವು ಗುಪ್ತಪದವನ್ನು ಮರೆಯಿಲ್ಲದೆ ಸಾಗಿಸುವುದರಿಂದ ಅದನ್ನು ಕೈಬಿಡುವುದೇ ಲೇಸು.) ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಸಿಸ್ಕೊ ಕಂಪನಿಯ ಕ್ಯಾಟಲಿಸ್ಟ್ ಸ್ವಿಚ್ಚುಗಳ ಭಾಷೆ. ಒಳಹೊಕ್ಕವನಿಗೆ ಮೊದಲು ದೊರೆಯುವುದು ನೋಡುವ ಅಧಿಕಾರ ಮಾತ್ರ. ಬದಲಾಯಿಸುವ ಅಧಿಕಾರಕ್ಕೆ ಇನ್ನೊಂದು ಬಾಗಿಲನ್ನು ದಾಟಬೇಕು. ‘ಷೋ’ ಎಂದು ಆರಂಭವಾಗುವ ಕಮಾಂಡುಗಳು ಸ್ವಿಚ್ಚಿನ ಏರ್ಪಾಡನ್ನು ಎಳ್ಳಷ್ಟೂ ಕದಲಿಸುವುದಿಲ್ಲ. ಹೊಸಬರು ಏನಾದರೂ ಕೆಟ್ಟೀತೆಂದು ಹೆದರಿ ಕೇಳದೆ ಇರುವುದೂ, ಕೇಳದೆಯೇ ಕೇಬಲ್ಲುಗಳನ್ನು ಕಿತ್ತು ಬೇರೆಡೆ ಸಿಕ್ಕಿಸುವುದೂ ಸಾಮಾನ್ಯ. ಹೆದರಬೇಕಾದುದು ಈ ಎರಡನೆಯದಕ್ಕೆ.

ಕೇಳತಕ್ಕ ಮೊದಲ ಕಮಾಂಡು ‘ಷೋ ಇಂಟರ್‌ಫೇಸಸ್ ಸ್ಟೇಟಸ್’. ಉತ್ತರವು ಏಳು ಅಂಕಣಗಳ ಪಟ್ಟಿಯಾಗಿ ಬರುತ್ತದೆ: ಪೋರ್ಟು, ಹೆಸರು, ಸ್ಥಿತಿ, ವಿಲ್ಯಾನ್, ಡ್ಯೂಪ್ಲೆಕ್ಸ್, ವೇಗ, ಬಗೆ. ‘ಜಿಐ ೧/೦/೭’ ಎಂದಿದ್ದರೆ ಮೊದಲನೆಯ ಪೆಟ್ಟಿಗೆಯ ಏಳನೆಯ ಗಿಗಾಬಿಟ್ ಪೋರ್ಟು ಎಂದರ್ಥ. ಅದರ ಮುಂದೆ ‘ಕನೆಕ್ಟೆಡ್’ ಎಂಬ ಸ್ಥಿತಿ, ‘೨೦’ ಎಂಬ ವಿಲ್ಯಾನ್ ಸಂಖ್ಯೆ, ‘ಎ-ಫುಲ್’ ಎಂಬ ಡ್ಯೂಪ್ಲೆಕ್ಸ್, ‘ಎ-೧೦೦೦’ ಎಂಬ ವೇಗ ಕಾಣಬಹುದು. ‘ಎ’ ಎಂಬ ಆ ಒಂದಕ್ಷರವು ಬಹು ಅರ್ಥಗರ್ಭಿತವಾದುದು: ಈ ವೇಗವನ್ನೂ ಡ್ಯೂಪ್ಲೆಕ್ಸನ್ನೂ ಯಾರೂ ವಿಧಿಸಲಿಲ್ಲ, ಎರಡು ತುದಿಗಳೂ ತಾವಾಗಿಯೇ ಮಾತುಕತೆಯಾಡಿ ನಿಶ್ಚಯಿಸಿಕೊಂಡವು ಎಂದು ಅದು ತಿಳಿಸುತ್ತದೆ. ‘ಎ’ ಇಲ್ಲದೆ ಬರಿಯ ‘ಫುಲ್’, ಬರಿಯ ‘೧೦೦’ ಎಂದಿದ್ದರೆ ಅದನ್ನು ಮನುಷ್ಯನೊಬ್ಬ ಕಟ್ಟುಮಾಡಿದ್ದಾನೆ. ಹೆಸರಿನ ಅಂಕಣವು ಬಹುತೇಕ ಕಚೇರಿಗಳಲ್ಲಿ ಖಾಲಿಯಾಗಿರುತ್ತದೆ; ಅದು ಸ್ವಿಚ್ಚಿನ ದೋಷವಲ್ಲ.

ಇನ್ನು ಮೂರನೆಯ ಅಂಕಣದ ವಿಚಾರ. ಅಲ್ಲಿ ಹೆಚ್ಚಾಗಿ ಕಾಣುವ ಮಾತುಗಳು ನಾಲ್ಕು: ‘ಕನೆಕ್ಟೆಡ್’, ‘ನಾಟ್‌ಕನೆಕ್ಟ್’, ‘ಡಿಸೇಬಲ್ಡ್’, ‘ಅರ್-ಡಿಸೇಬಲ್ಡ್’. ಕೊನೆಯ ಮೂರರಲ್ಲಿಯೂ ಪೋರ್ಟು ನಿಷ್ಕ್ರಿಯವೇ. ‘ಷೋ ಇಂಟರ್‌ಫೇಸಸ್’ ಎಂಬ ವಿಸ್ತಾರವಾದ ಕಮಾಂಡನ್ನು ಕೇಳಿದರೆ ಈ ಮೂರಕ್ಕೂ ‘ಡೌನ್’ ಎಂಬ ಮಾತೇ ಮೊದಲು ಬಂದು, ಭೇದವು ಅದರ ಹಿಂದುಮುಂದಿನ ವಿಶೇಷಣಗಳಲ್ಲಿ ಅಡಗಿರುತ್ತದೆ. ಅವಸರದಲ್ಲಿರುವವನ ಕಣ್ಣು ‘ಡೌನ್’ ಎಂಬಲ್ಲಿಗೇ ನಿಂತುಬಿಡುತ್ತದೆ. ಕನ್ನಡದಲ್ಲಾದರೋ ನಿಷೇಧವನ್ನು ಹೇಳುವ ಮಾತುಗಳು ಬೇರೆಬೇರೆಯಾಗಿವೆ, ಒಂದು ಇನ್ನೊಂದರ ಸ್ಥಾನದಲ್ಲಿ ನಿಲ್ಲುವುದಿಲ್ಲ. ‘ಇಲ್ಲ’ ಎಂಬುದು ಇರವಿನ ನಿಷೇಧ. ‘ಬೇಡ’ ಎಂಬುದು ಒಬ್ಬನು ಇನ್ನೊಬ್ಬನಿಗೆ ವಿಧಿಸುವ ನಿಷೇಧ. ‘ಒಲ್ಲೆ’ ಎಂಬುದು ಸ್ವತಃ ಮಾತನಾಡುವವನೇ ಮಾಡುವ ನಿರಾಕರಣೆ. ಸ್ವಿಚ್ಚಿನ ಮೂರು ಸ್ಥಿತಿಗಳೂ ಕ್ರಮವಾಗಿ ಇವೇ. ‘ನಾಟ್‌ಕನೆಕ್ಟ್’ ಎಂದರೆ ಆಚೆಯಿಂದ ಯಾವ ಸಂಕೇತವೂ ಇಲ್ಲ. ‘ಡಿಸೇಬಲ್ಡ್’ ಎಂದರೆ ಮೇಲ್ವಿಚಾರಕನು ‘ಷಟ್‌ಡೌನ್’ ಎಂದು ಬರೆದು ಈ ಪೋರ್ಟು ಬೇಡವೆಂದಿದ್ದಾನೆ. ‘ಅರ್-ಡಿಸೇಬಲ್ಡ್’ ಎಂದರೆ ಸ್ವಿಚ್ಚು ಏನನ್ನೋ ಕಂಡು, ತಾನೇ ಈ ಪೋರ್ಟನ್ನು ಒಲ್ಲೆನೆಂದು ಮುಚ್ಚಿಕೊಂಡಿದೆ. ಮೊದಲನೆಯದಕ್ಕೆ ಹೋಗಬೇಕಾದುದು ಕೇಬಲ್ಲಿನ ಬಳಿಗೆ, ಎರಡನೆಯದಕ್ಕೆ ಸಹೋದ್ಯೋಗಿಯ ಬಳಿಗೆ, ಮೂರನೆಯದಕ್ಕೆ ಸ್ವಿಚ್ಚಿನ ಲಾಗಿನ ಬಳಿಗೆ. ಬೇರೆ ಕಂಪನಿಗಳ ಸ್ವಿಚ್ಚುಗಳಲ್ಲಿ ಮಾತುಗಳು ಬೇರೆಯಾದರೂ ಭೇದ ಇದೇ: ಜುನಿಪರ್ ಯಂತ್ರಗಳ ‘ಷೋ ಇಂಟರ್‌ಫೇಸಸ್ ಟರ್ಸ್’ ಎಂಬ ಕಮಾಂಡು ‘ಅಡ್ಮಿನ್’ ಮತ್ತು ‘ಲಿಂಕ್’ ಎಂಬ ಎರಡು ಅಂಕಣಗಳನ್ನು ಪಕ್ಕಪಕ್ಕದಲ್ಲಿಡುತ್ತದೆ, ಮನುಷ್ಯನು ವಿಧಿಸಿದುದು ಒಂದರಲ್ಲಿ, ನಡೆದಿರುವುದು ಇನ್ನೊಂದರಲ್ಲಿ.

‘ನಾಟ್‌ಕನೆಕ್ಟ್’ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಕೇಬಲ್ಲು ಸಿಕ್ಕಿಸಿಲ್ಲ, ಆಚೆಯ ಯಂತ್ರ ಆರಿಸಿದೆ, ಅಥವಾ ತಂತಿ ಕಡಿದಿದೆ. ಒಂದು ಸೂಕ್ಷ್ಮವನ್ನು ಮಾತ್ರ ಗಮನಿಸತಕ್ಕದ್ದು. ೧೦೦ ಮೆಗಾಬಿಟ್ ವೇಗಕ್ಕೆ ಕೇಬಲ್ಲಿನ ನಾಲ್ಕು ಜೋಡಿಗಳಲ್ಲಿ ಎರಡು ಸಾಕು. ಗಿಗಾಬಿಟ್ಟಿಗೆ ನಾಲ್ಕೂ ಬೇಕು. ವೇಗದ ಮಾತುಕತೆ ನಡೆಯುವುದು ಮೊದಲಿನ ಎರಡು ಜೋಡಿಗಳ ಮೇಲೆ. ಆದುದರಿಂದ ಉಳಿದೆರಡರಲ್ಲಿ ಒಂದು ಕಡಿದಿದ್ದರೂ ಎರಡು ತುದಿಗಳೂ "೧೦೦೦ಕ್ಕೆ ಒಪ್ಪಿಗೆ" ಎಂದು ನಿಶ್ಚಯಿಸಿಕೊಂಡು, ಅನಂತರ ಸಂಬಂಧ ಏರ್ಪಡದೆ ಸೋಲುತ್ತವೆ. ಕೆಲವು ಯಂತ್ರಗಳು ಕೆಲವು ಬಾರಿ ಸೋತ ಮೇಲೆ ತಾವಾಗಿಯೇ ೧೦೦ಕ್ಕೆ ಇಳಿಯುತ್ತವೆ. ಎರಡು ತುದಿಗಳೂ ಗಿಗಾಬಿಟ್ ಬಲ್ಲವಾಗಿರುವಾಗ ಪಟ್ಟಿಯಲ್ಲಿ ‘ಎ-೧೦೦’ ಎಂದು ಕಂಡರೆ ಒಳಗೆ ಒಂದು ತಂತಿ ಕಡಿದಿರಬಹುದೆಂದು ಶಂಕಿಸಲು ಅಷ್ಟೇ ಸಾಕು. ಅನೇಕ ಕ್ಯಾಟಲಿಸ್ಟ್ ಸ್ವಿಚ್ಚುಗಳು ಇಂತಹ ಕಡಿತವು ಎಷ್ಟು ಮೀಟರು ದೂರದಲ್ಲಿದೆಯೆಂಬುದನ್ನೂ ಅಂದಾಜಾಗಿ ಹೇಳಬಲ್ಲವು. ತಂತಿಯೊಳಗೆ ಒಂದು ಮಿಡಿತವನ್ನು ಕಳುಹಿ, ಕಡಿದ ಸ್ಥಳದಿಂದ ಅದು ಪ್ರತಿಫಲಿಸಿ ಬರಲು ಹಿಡಿದ ಕಾಲವನ್ನು ಅಳೆಯುವುದು ಇದರ ತತ್ತ್ವ. ‘ಟೆಸ್ಟ್ ಕೇಬಲ್-ಡಯಾಗ್ನಾಸ್ಟಿಕ್ಸ್ ಟಿಡಿಆರ್’ ಎಂಬುದು ಕಮಾಂಡು. ಇದು ‘ಷೋ’ ಕಮಾಂಡಲ್ಲ. ಪರೀಕ್ಷೆಯ ಕ್ಷಣದಲ್ಲಿ ಆ ಪೋರ್ಟಿನ ಸಂಚಾರ ತಡೆಯಬಹುದೆಂಬುದನ್ನು ಮರೆಯಬಾರದು.

‘ಅರ್-ಡಿಸೇಬಲ್ಡ್’ ಎಂಬ ಸ್ಥಿತಿಯು ಹೆಚ್ಚಿನ ವಿಚಾರಕ್ಕೆ ಅರ್ಹವಾದುದು, ಏಕೆಂದರೆ ಅತ್ಯಂತ ಅಪಾಯಕರವಾದ ತಪ್ಪು ನಡೆಯುವುದು ಇಲ್ಲಿ. ‘ಷೋ ಇಂಟರ್‌ಫೇಸಸ್ ಸ್ಟೇಟಸ್ ಅರ್-ಡಿಸೇಬಲ್ಡ್’ ಎಂದು ಕೇಳಿದರೆ ಸ್ವಿಚ್ಚು ತನ್ನ ನಿರಾಕರಣೆಗೆ ಕಾರಣವನ್ನೂ ಒಂದು ಮಾತಿನಲ್ಲಿ ಕೊಡುತ್ತದೆ. ‘ಲಿಂಕ್-ಫ್ಲ್ಯಾಪ್’ ಎಂದಿದ್ದರೆ ಸಂಬಂಧವು ಕೆಲವೇ ಸೆಕೆಂಡುಗಳಲ್ಲಿ ಹಲವು ಬಾರಿ ಕಡಿದು ಕೂಡಿದೆ. ‘ಪಿಸೆಕ್ಯೂರ್-ವಯೊಲೇಷನ್’ ಎಂದಿದ್ದರೆ ಆ ಪೋರ್ಟಿಗೆ ಅನುಮತಿಯಿಲ್ಲದ ಯಂತ್ರವೊಂದು ಬಂದಿದೆ. ‘ಬಿಪಿಡಿಯುಗಾರ್ಡ್’ ಎಂದಿದ್ದರೆ, ಒಬ್ಬ ನೌಕರನ ಕಂಪ್ಯೂಟರು ಮಾತ್ರ ಇರಬೇಕಾದ ಕಡೆಯಿಂದ ಸ್ವಿಚ್ಚುಗಳು ತಮ್ಮತಮ್ಮೊಳಗೆ ಆಡುವ ಮಾತು ಕೇಳಿಬಂದಿದೆ.

ಈ ಕೊನೆಯದರ ಗಾಂಭೀರ್ಯವನ್ನು ತಿಳಿಯಲು ಲೂಪು ಎಂದರೇನೆಂಬುದನ್ನು ತಿಳಿಯಬೇಕು. ಅಂತರ್ಜಾಲದ ಐಪಿ ಪ್ಯಾಕೆಟ್ಟಿನಲ್ಲಿ ಆಯುಸ್ಸಿನ ಎಣಿಕೆಯೊಂದಿರುತ್ತದೆ. ಪ್ರತಿ ರೌಟರನ್ನು ದಾಟಿದಾಗಲೂ ಅದು ಒಂದು ಕುಗ್ಗಿ, ಸೊನ್ನೆಯಾದಾಗ ಪ್ಯಾಕೆಟ್ಟು ಸಾಯುತ್ತದೆ. ಈಥರ್‌ನೆಟ್ ಫ್ರೇಮಿಗೆ ಅಂತಹ ಆಯುರ್ಮಿತಿ ಇಲ್ಲ. ಎರಡು ಸ್ವಿಚ್ಚುಗಳ ನಡುವೆ ಎರಡು ದಾರಿಗಳಿದ್ದು ಒಂದನ್ನು ಮುಚ್ಚದಿದ್ದರೆ, ಎಲ್ಲರಿಗೂ ಉದ್ದೇಶಿಸಿದ ಒಂದು ಫ್ರೇಮು ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬಂದು, ಸುತ್ತಿದಂತೆಲ್ಲ ಪ್ರತಿಗಳನ್ನು ಹೊರಹಾಕುತ್ತ, ಕ್ಷಣಾರ್ಧದಲ್ಲಿ ಇಡೀ ಜಾಲವನ್ನು ತುಂಬಿಬಿಡುತ್ತದೆ. ಇದನ್ನು ತಡೆಯುವ ‘ಸ್ಪ್ಯಾನಿಂಗ್ ಟ್ರೀ’ ಎಂಬ ಉಪಾಯವನ್ನು ೧೯೮೫ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನಲ್ಲಿದ್ದ ರೇಡಿಯಾ ಪರ್ಲ್‌ಮನ್ ಅವರು ಕಂಡುಹಿಡಿದರು. ಸ್ವಿಚ್ಚುಗಳು ಪರಸ್ಪರ ಕಿರುಸಂದೇಶಗಳನ್ನು ಕಳುಹಿಕೊಂಡು, ಕವಲುಗಳುಳ್ಳ ಆದರೆ ಸುತ್ತುಗಳಿಲ್ಲದ ಮರವೊಂದನ್ನು ಕಲ್ಪಿಸಿಕೊಂಡು, ಹೆಚ್ಚಿನ ದಾರಿಗಳನ್ನು ತಾವಾಗಿಯೇ ಮುಚ್ಚುತ್ತವೆ. ಆ ಕಿರುಸಂದೇಶಕ್ಕೇ ‘ಬಿಪಿಡಿಯು’ ಎಂದು ಹೆಸರು. ನೌಕರನೊಬ್ಬನು ಮೇಜಿನ ಕೆಳಗೆ ಅಗ್ಗದ ಐದು ಪೋರ್ಟಿನ ಪೆಟ್ಟಿಗೆಯೊಂದನ್ನು ಇಟ್ಟುಕೊಂಡು, ಅದನ್ನು ಗೋಡೆಯ ಎರಡು ಸಾಕೆಟ್ಟುಗಳಿಗೂ ಸಿಕ್ಕಿಸಿದರೆ, ಸ್ವಿಚ್ಚು ಒಂದು ಪೋರ್ಟಿನಿಂದ ಕಳುಹಿದ ಸಂದೇಶವು ಇನ್ನೊಂದು ಪೋರ್ಟಿನಲ್ಲಿ ಮರಳಿ ಬರುತ್ತದೆ. ಸ್ವಿಚ್ಚು ಆಗ ಒಲ್ಲೆನೆನ್ನುತ್ತದೆ. ಅದು ಹಾಗೆನ್ನುವುದು ಇಡೀ ಮಹಡಿಯನ್ನು ಉಳಿಸುವುದಕ್ಕಾಗಿ.

ಇದನ್ನು ತಿಳಿಯದವನು ಮಾಡುವುದೇನೆಂದರೆ, ‘ಷಟ್‌ಡೌನ್’, ಒಡನೆಯೇ ‘ನೋ ಷಟ್‌ಡೌನ್’ ಎಂದು ಬರೆದು ಪೋರ್ಟನ್ನು ಎಬ್ಬಿಸುವುದು. ಕಾರಣ ಹಾಗೆಯೇ ಇದ್ದರೆ ಅದು ಮತ್ತೆ ಬೀಳುತ್ತದೆ, ಬಿದ್ದರೆ ಕ್ಷೇಮ. ಮೂರನೆಯ ಸಲಕ್ಕೆ ಬೇಸತ್ತು ‘ಬಿಪಿಡಿಯುಗಾರ್ಡ್’ ಎಂಬ ಕಾವಲನ್ನೇ ತೆಗೆದುಹಾಕುವವರುಂಟು. ಅನರ್ಥ ಅಲ್ಲಿಂದ ಆರಂಭ. ಮೂರು ನೂರು ಸೆಕೆಂಡುಗಳ ತರುವಾಯ ಪೋರ್ಟು ತಾನಾಗಿ ಏಳುವಂತೆ ಏರ್ಪಡಿಸಬಹುದಾದ ‘ಅರ್‌ಡಿಸೇಬಲ್ ರಿಕವರಿ’ ಎಂಬ ಸೌಕರ್ಯವಿದೆ. ಅದನ್ನು ಎಲ್ಲ ಕಾರಣಗಳಿಗೂ ಒಟ್ಟಿಗೇ ಅನ್ವಯಿಸುವುದು ವಿವೇಕವೆನಿಸದು.

ಲೂಪು ತಡೆಯುವ ಈ ವ್ಯವಸ್ಥೆ ಕುಸಿದರೆ ಏನಾಗುತ್ತದೆಂಬುದಕ್ಕೆ ಪ್ರಸಿದ್ಧವಾದ ನಿದರ್ಶನವೊಂದು ಅಮೆರಿಕದ ಬಾಸ್ಟನ್ ನಗರದಲ್ಲಿ ನಡೆಯಿತು. ೨೦೦೨ರ ನವೆಂಬರಿನಲ್ಲಿ ಅಲ್ಲಿಯ ಬೆತ್ ಇಸ್ರೇಲ್ ಡೀಕನೆಸ್ ವೈದ್ಯಕೀಯ ಕೇಂದ್ರದ ಜಾಲವು ಸುಮಾರು ನಾಲ್ಕು ದಿನಗಳ ಕಾಲ ಏಳುತ್ತ ಬೀಳುತ್ತ ಇದ್ದು, ವೈದ್ಯರೂ ದಾದಿಯರೂ ಪ್ರಯೋಗಶಾಲೆಯವರೂ ಮತ್ತೆ ಕಾಗದಕ್ಕೆ ಮರಳಬೇಕಾಯಿತು. ಕಾರಣ ಕಡಿದ ಕೇಬಲ್ಲಲ್ಲ. ವರ್ಷಗಳಿಂದ ತುಂಡುತುಂಡಾಗಿ ಸೇರಿಸುತ್ತ ಬಂದಿದ್ದ ಆ ಜಾಲವು ಸ್ಪ್ಯಾನಿಂಗ್ ಟ್ರೀ ತಾಳಬಲ್ಲ ಮೇರೆಯನ್ನು ಮೀರಿ ಬೆಳೆದಿತ್ತು. ಸಂಶೋಧನೆಯ ಕೆಲಸವೊಂದರಿಂದ ಹೊರಟ ಭಾರಿ ದತ್ತಾಂಶದ ಹೊಳೆಯಲ್ಲಿ ಆ ಮರ ಉರುಳಿತು. ಆಸ್ಪತ್ರೆಯವರು ಇದನ್ನು ಮುಚ್ಚಿಡದೆ ಬಹಿರಂಗವಾಗಿ ಚರ್ಚಿಸಿದ್ದರಿಂದ ಬೇರೆ ಸಂಸ್ಥೆಗಳಿಗೂ ಅದರ ಪಾಠ ದೊರೆಯಿತು.

ಹಾಗಾದರೆ ‘ಅರ್-ಡಿಸೇಬಲ್ಡ್’ ಕಂಡಾಗ ಸರಿಯಾದ ಕ್ರಮವೇನು? ಮೊದಲು ಕಾರಣವನ್ನು ಓದಬೇಕು. ಆಮೇಲೆ ‘ಷೋ ಲಾಗಿಂಗ್’ ಎಂದು ಕೇಳಿ ಅದು ಯಾವಾಗ ಆಯಿತೆಂಬುದನ್ನು ನೋಡಬೇಕು, ಏಕೆಂದರೆ ಸ್ಥಿತಿಪಟ್ಟಿ ಕಾಲವನ್ನು ಹೇಳುವುದಿಲ್ಲ. (ಕನ್ನಡದ ‘ಒಲ್ಲೆ’ ಎಂಬ ನಿಷೇಧರೂಪಕ್ಕೂ ಕಾಲವಿಲ್ಲ, ನಿನ್ನೆಯೂ ಒಲ್ಲೆ, ನಾಳೆಯೂ ಒಲ್ಲೆ.) ತರುವಾಯ ಗೋಡೆಯ ಸಾಕೆಟ್ಟಿನವರೆಗೆ ನಡೆದುಹೋಗಿ ಕಾರಣವನ್ನು ನಿವಾರಿಸಬೇಕು. ಪೋರ್ಟನ್ನು ಎಬ್ಬಿಸುವುದು ಕಟ್ಟಕಡೆಯ ಕೆಲಸ.

ಇದುವರೆಗೆ ನಿಷ್ಕ್ರಿಯ ಪೋರ್ಟುಗಳ ಮಾತಾಯಿತು. ಅವುಗಳಿಗಿಂತ ಹೆಚ್ಚಾಗಿ ಮೋಸಗೊಳಿಸುವುದು ‘ಕನೆಕ್ಟೆಡ್’ ಎಂಬ ಮಾತು. ಆಚೆಯ ತುದಿಯಿಂದ ಸಂಕೇತ ಬರುತ್ತಿದೆ ಎಂಬುದಿಷ್ಟೇ ಅದರ ಅರ್ಥ. ಕೆಲಸ ಸರಿಯಾಗಿ ನಡೆಯುತ್ತಿದೆ ಎಂದಲ್ಲ. ವಿಲ್ಯಾನ್ ಅಂಕಣದಲ್ಲಿ ೨೦ರ ಬದಲು ೩೦ ಇದ್ದರೆ ಪೋರ್ಟು ‘ಕನೆಕ್ಟೆಡ್’ ಆಗಿಯೇ ಇರುತ್ತದೆ, ಕಂಪ್ಯೂಟರು ಮಾತ್ರ ಬೇರೆ ಬೀದಿಯಲ್ಲಿ ನಿಂತಿರುತ್ತದೆ. ಹಳೆಯ ಪದ್ಧತಿಯ ಸ್ಪ್ಯಾನಿಂಗ್ ಟ್ರೀ ಇರುವಲ್ಲಿ, ವಿಶೇಷ ಏರ್ಪಾಡು ಮಾಡದಿದ್ದರೆ, ಕೇಬಲ್ಲು ಸಿಕ್ಕಿಸಿದ ಮೇಲೆ ೩೦ ಸೆಕೆಂಡುಗಳ ಕಾಲ ಪಟ್ಟಿಯು ‘ಕನೆಕ್ಟೆಡ್’ ಎನ್ನುತ್ತಿದ್ದರೂ ಒಂದು ಫ್ರೇಮೂ ಆಚೆಗೆ ಹೋಗುವುದಿಲ್ಲ. ಕನ್ನಡದ ನಾಲ್ಕನೆಯ ನಿಷೇಧವಾದ ‘ಅಲ್ಲ’ ಎಂಬುದು ಇಲ್ಲಿಗೆ ಸಲ್ಲುತ್ತದೆ: ಸಂಬಂಧ ಇಲ್ಲವೆಂದಲ್ಲ, ಇರುವುದು ಬೇಕಾದ ಸಂಬಂಧವಲ್ಲ. ಇದಕ್ಕೆ ಸ್ಥಿತಿಯ ಅಂಕಣದಲ್ಲಿ ಮಾತೇ ಇಲ್ಲದಿರುವುದರಿಂದ ಬೇರೆ ಅಂಕಣಗಳಿಂದ ಅದನ್ನು ಊಹಿಸಬೇಕಾಗುತ್ತದೆ.

ಇಂತಹ ‘ಅಲ್ಲ’ಗಳಲ್ಲಿ ಪ್ರಸಿದ್ಧವಾದುದು ಡ್ಯೂಪ್ಲೆಕ್ಸಿನ ವೈಷಮ್ಯ. ೧೯೯೫ರ ಪ್ರಮಾಣದಲ್ಲಿ ಸ್ವಯಂ ಮಾತುಕತೆಯ ಪದ್ಧತಿ ಸೇರಿತು. ಎರಡು ತುದಿಗಳೂ ಸುಮಾರು ೧೬ ಮಿಲಿಸೆಕೆಂಡುಗಳಿಗೊಮ್ಮೆ ಮಿಡಿತಗಳ ಗೊಂಚಲೊಂದನ್ನು ಕಳುಹಿಸಿ, ತಮಗೆ ಯಾವ ವೇಗ, ಯಾವ ಡ್ಯೂಪ್ಲೆಕ್ಸ್ ಸಾಧ್ಯವೆಂಬುದನ್ನು ಸಾರುತ್ತವೆ. ಇಬ್ಬರಿಗೂ ಸಾಧ್ಯವಾದುದರಲ್ಲಿ ಅತ್ಯುತ್ತಮವಾದುದನ್ನು ಆರಿಸಿಕೊಳ್ಳುತ್ತವೆ. ಮೊದಮೊದಲು ಈ ಪದ್ಧತಿ ಎಲ್ಲ ಕಂಪನಿಗಳ ಯಂತ್ರಗಳಲ್ಲಿಯೂ ಚೆನ್ನಾಗಿ ನಡೆಯಲಿಲ್ಲ. ಆದುದರಿಂದ ಮುಖ್ಯ ಯಂತ್ರಗಳ ಪೋರ್ಟುಗಳನ್ನು ‘ಸ್ಪೀಡ್ ೧೦೦, ಡ್ಯೂಪ್ಲೆಕ್ಸ್ ಫುಲ್’ ಎಂದು ಕಟ್ಟುಮಾಡುವ ರೂಢಿ ಬೆಳೆಯಿತು. ಯಂತ್ರಗಳು ಸುಧಾರಿಸಿದುವು, ರೂಢಿ ಉಳಿದುಕೊಂಡಿತು. ಕಟ್ಟುಮಾಡಿದ ತುದಿ ಅನೇಕ ಯಂತ್ರಗಳಲ್ಲಿ ಮಾತುಕತೆಯನ್ನೇ ನಿಲ್ಲಿಸಿಬಿಡುತ್ತದೆ. ಆಚೆಯ ತುದಿ ಮಾತುಕತೆಗೆ ಕಾದು, ಉತ್ತರ ಬಾರದಿರಲು, ಬರುತ್ತಿರುವ ಸಂಕೇತದ ರೀತಿಯಿಂದ ವೇಗ ೧೦೦ ಎಂದು ತಿಳಿದುಕೊಳ್ಳುತ್ತದೆ. ಆದರೆ ಡ್ಯೂಪ್ಲೆಕ್ಸನ್ನು ಸಂಕೇತದಿಂದ ತಿಳಿಯುವ ಉಪಾಯವಿಲ್ಲ. ಆಗ ಪ್ರಮಾಣವು ವಿಧಿಸಿರುವಂತೆ ಅದು ಹಳೆಯ ಕಾಲದ ಹಾಫ್ ಡ್ಯೂಪ್ಲೆಕ್ಸಿಗೆ ಮರಳುತ್ತದೆ. ಒಂದು ತುದಿಯಲ್ಲಿ ‘ಫುಲ್, ೧೦೦’. ಇನ್ನೊಂದರಲ್ಲಿ ‘ಎ-ಹಾಫ್, ಎ-೧೦೦’. ಎರಡೂ ‘ಕನೆಕ್ಟೆಡ್’, ಎರಡೂ ದೀಪಗಳು ಹಸುರು.

ಇದರ ಫಲ ವಿಚಿತ್ರವಾದುದು. ‘ಪಿಂಗ್’ ಮಾಡಿ ನೋಡಿದರೆ ಉತ್ತರ ಬರುತ್ತದೆ. ಏಕೆಂದರೆ ಪಿಂಗ್ ಒಂದು ಮಾತು ಆಡಿ, ಉತ್ತರ ಕೇಳಿ, ಆಮೇಲೆ ಮುಂದಿನ ಮಾತು ಆಡುತ್ತದೆ. ಇಬ್ಬರೂ ಒಮ್ಮೆಗೇ ಮಾತನಾಡುವ ಸಂದರ್ಭ ವಿರಳ. ದೊಡ್ಡ ಫೈಲೊಂದನ್ನು ಕಳುಹಿಸತೊಡಗಿದಾಗ, ಒಂದು ಕಡೆಯಿಂದ ದತ್ತಾಂಶವೂ ಇನ್ನೊಂದು ಕಡೆಯಿಂದ ‘ಮುಟ್ಟಿತು’ ಎಂಬ ಸ್ವೀಕೃತಿಗಳೂ ಏಕಕಾಲದಲ್ಲಿ ಹೊರಡುತ್ತವೆ. ಫುಲ್ ತುದಿ ತನಗೆ ಬೇಕೆನಿಸಿದಾಗ ಮಾತನಾಡುತ್ತದೆ. ಹಾಫ್ ತುದಿ ಅದನ್ನು ಘರ್ಷಣೆಯೆಂದು ತಿಳಿದು, ತನ್ನ ಫ್ರೇಮನ್ನು ಅರ್ಧಕ್ಕೇ ಕತ್ತರಿಸಿ ಸುಮ್ಮನಾಗುತ್ತದೆ. ಕತ್ತರಿಸಿದ ಆ ಚೂರು ಆಚೆಯ ತುದಿಗೆ ತಲಪಿ, ಮೊತ್ತ ತಾಳೆಯಾಗದ ಫ್ರೇಮಾಗಿ ತಿರಸ್ಕೃತವಾಗುತ್ತದೆ. ಕ್ಷಣಗಳಲ್ಲಿ ಮುಗಿಯಬೇಕಾದ ಪ್ರತಿಯೆತ್ತುವ ಕೆಲಸ ತೆವಳತೊಡಗುತ್ತದೆ. ದೂರು ಕೊಟ್ಟವನು "ನಿಧಾನ" ಎನ್ನುತ್ತಾನೆ. ಪರೀಕ್ಷಿಸಿದವನು "ಪಿಂಗ್ ಸರಿಯಾಗಿದೆ" ಎನ್ನುತ್ತಾನೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ.

ನಿರ್ಣಯಕ್ಕೆ ಸಾಕ್ಷಿ ದೊರೆಯುವುದು ಕೌಂಟರುಗಳಲ್ಲಿ. ‘ಷೋ ಇಂಟರ್‌ಫೇಸಸ್ ಜಿಐ ೧/೦/೭’ ಎಂದು ಒಂದೇ ಪೋರ್ಟನ್ನು ಕುರಿತು ಕೇಳಿದರೆ ಉತ್ತರದ ಕೊನೆಯ ಭಾಗದಲ್ಲಿ ದೋಷಗಳ ಎಣಿಕೆ ಇರುತ್ತದೆ. ಹಾಫ್ ತುದಿಯಲ್ಲಿ ‘ಲೇಟ್ ಕೊಲಿಷನ್’ ಏರುತ್ತಿರುತ್ತದೆ. ಹಳೆಯ ಪದ್ಧತಿಯಲ್ಲಿ ನ್ಯಾಯವಾದ ಘರ್ಷಣೆ ಫ್ರೇಮಿನ ಮೊದಲ ೬೪ ಬೈಟುಗಳೊಳಗೇ ಆಗಬೇಕು, ಅದಕ್ಕಿಂತ ತಡವಾಗಿ ಆದುದು ಅಸಹಜ. ಫುಲ್ ತುದಿಯಲ್ಲಿ ‘ಸಿಆರ್‌ಸಿ’ ದೋಷಗಳೂ ೬೪ ಬೈಟುಗಳಿಗಿಂತ ಚಿಕ್ಕದಾದ ‘ರಂಟ್’ಗಳೂ ಏರುತ್ತಿರುತ್ತವೆ. ಒಂದು ತುದಿಯ ಲಕ್ಷಣ ಇನ್ನೊಂದಕ್ಕೆ ಇಲ್ಲ. ಫುಲ್ ತುದಿಯ ಸಿಆರ್‌ಸಿಯನ್ನು ಮಾತ್ರ ನೋಡಿದವನು ಕೇಬಲ್ಲು ಕೆಟ್ಟಿದೆಯೆಂದು ತಿಳಿದು ಹೊಸ ಕೇಬಲ್ಲು ಹಾಕುತ್ತಾನೆ. ದೋಷ ಹಾಗೆಯೇ ಉಳಿಯುತ್ತದೆ. ಎರಡು ತುದಿಗಳ ಪಟ್ಟಿಗಳನ್ನೂ ಪಕ್ಕದಲ್ಲಿಟ್ಟುಕೊಂಡು ಓದಿದಾಗ ಮಾತ್ರ ರೋಗ ತಿಳಿಯುತ್ತದೆ. ಪರಿಹಾರ ಸುಲಭ: ಎರಡು ತುದಿಗಳನ್ನೂ ಸ್ವಯಂ ಮಾತುಕತೆಗೆ ಬಿಡುವುದು. ತಾಮ್ರದ ಗಿಗಾಬಿಟ್ಟಿಗೆ ಮಾತುಕತೆ ಕಡ್ಡಾಯವಾಗಿರುವುದರಿಂದ ಹೊಸ ಕಂಪ್ಯೂಟರುಗಳಲ್ಲಿ ಈ ರೋಗ ಅಪರೂಪವಾಗಿದೆ. ಹಳೆಯ ಮುದ್ರಣಯಂತ್ರ, ಕಾರ್ಖಾನೆಯ ನಿಯಂತ್ರಣ ಪೆಟ್ಟಿಗೆ ಮುಂತಾದ ೧೦೦ ಮೆಗಾಬಿಟ್ಟಿನ ಸಾಧನಗಳ ಬಳಿ ಮಾತ್ರ ಇನ್ನೂ ಅಡಗಿರುತ್ತದೆ.

ಕೌಂಟರುಗಳನ್ನು ಓದುವಾಗ ಒಂದು ಎಚ್ಚರಿಕೆ ಅವಶ್ಯ. ‘ಸಿಆರ್‌ಸಿ ೪೧೨’ ಎಂಬ ಸಂಖ್ಯೆಗೆ ತಾನಾಗಿ ಯಾವ ಅರ್ಥವೂ ಇಲ್ಲ. ಅದು ಇಂದು ಬೆಳಗ್ಗೆ ಆದುದೋ, ಹೋದ ವರ್ಷ ಬಡಗಿಯೊಬ್ಬ ಮೊಳೆ ಹೊಡೆದಾಗ ಆದುದೋ ಹೇಳಲಾಗದು. ಅದೇ ಉತ್ತರದಲ್ಲಿ ಎಣಿಕೆಗಳನ್ನು ಕೊನೆಯ ಬಾರಿ ಅಳಿಸಿದ್ದು ಯಾವಾಗ ಎಂಬ ಪಂಕ್ತಿಯೊಂದಿರುತ್ತದೆ. ಅಲ್ಲಿ ‘ನೆವರ್’ ಎಂದಿದ್ದರೆ ಸ್ವಿಚ್ಚು ಚಾಲೂ ಆದಂದಿನಿಂದ ಕೂಡಿಬಂದ ಮೊತ್ತವೆಂದು ತಿಳಿಯಬೇಕು. ಐದು ನಿಮಿಷ ಬಿಟ್ಟು ಎರಡನೆಯ ಬಾರಿ ಕೇಳಿ, ಎರಡರ ವ್ಯತ್ಯಾಸವನ್ನು ನೋಡುವುದೇ ಸರಿಯಾದ ಮಾರ್ಗ. ‘ಕ್ಲಿಯರ್ ಕೌಂಟರ್ಸ್’ ಎಂದು ಬರೆದು ಸೊನ್ನೆಯಿಂದ ಆರಂಭಿಸುವವರೂ ಉಂಟು. ಅಳಿಸುವ ಮೊದಲು ಹಳೆಯ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳದಿದ್ದರೆ ರೋಗಿಯ ಹಿಂದಿನ ಚರಿತ್ರೆಯನ್ನು ಹರಿದೆಸೆದಂತೆ ಆಗುತ್ತದೆ. ಸಂಚಾರದ ಪ್ರಮಾಣವನ್ನು ಹೇಳುವ ಪಂಕ್ತಿಯೂ ಸಾಮಾನ್ಯವಾಗಿ ಐದು ನಿಮಿಷಗಳ ಸರಾಸರಿ. ಅರ್ಧ ನಿಮಿಷದ ಹಿಂದೆ ಎದ್ದ ಬಿರುಗಾಳಿ ಅದರಲ್ಲಿ ಮಂದಮಾರುತವಾಗಿ ಕಾಣುತ್ತದೆ. ‘ಲೋಡ್-ಇಂಟರ್‌ವಲ್ ೩೦’ ಎಂಬ ಕಮಾಂಡಿನಿಂದ ಅವಧಿಯನ್ನು ಕುಗ್ಗಿಸಬಹುದು.

ಇನ್ನೊಂದು ಪಂಕ್ತಿ ಅನೇಕರನ್ನು ದಾರಿತಪ್ಪಿಸಿದೆ. ‘ಲಾಸ್ಟ್ ಇನ್‌ಪುಟ್ ನೆವರ್’ ಎಂದು ಕಂಡಾಗ ಆ ಪೋರ್ಟಿನಲ್ಲಿ ಯಾವ ಫ್ರೇಮೂ ಎಂದೂ ಬಂದಿಲ್ಲ, ಅದು ಬಳಕೆಯಲ್ಲಿಲ್ಲ ಎಂದು ತಿಳಿದು ಕೇಬಲ್ಲು ಕಿತ್ತವರುಂಟು. ನಿಜವಾಗಿ ಆ ಪಂಕ್ತಿ ಲೆಕ್ಕಕ್ಕೆ ಹಿಡಿಯುವುದು ಸ್ವಿಚ್ಚಿನ ಪ್ರೊಸೆಸರು ತಾನೇ ಓದಿದ ಮಾತುಗಳನ್ನು. ಸಾಮಾನ್ಯ ಫ್ರೇಮುಗಳು ಪ್ರೊಸೆಸರಿನ ಗಮನಕ್ಕೆ ಬಾರದೆ, ಕೆಳಗಿನ ಚಿಪ್ಪುಗಳಲ್ಲಿಯೇ ಒಂದು ಪೋರ್ಟಿನಿಂದ ಇನ್ನೊಂದಕ್ಕೆ ದಾಟಿಹೋಗುತ್ತವೆ. ದಿನವೆಲ್ಲ ದುಡಿಯುವ ಪೋರ್ಟಿನಲ್ಲೂ ‘ನೆವರ್’ ಕಾಣಬಹುದು. ಬಳಕೆಯನ್ನು ತಿಳಿಯಬೇಕಾದರೆ ‘ಷೋ ಮ್ಯಾಕ್ ಅಡ್ರೆಸ್-ಟೇಬಲ್ ಇಂಟರ್‌ಫೇಸ್’ ಎಂದು ಕೇಳಿ, ಆ ಪೋರ್ಟಿನಾಚೆ ಯಾವ ಯಂತ್ರದ ವಿಳಾಸ ಕಂಡಿದೆಯೆಂಬುದನ್ನು ನೋಡಬೇಕು. ಆ ಪಟ್ಟಿಯೂ ರೂಢಿಯಂತೆ ಐದು ನಿಮಿಷ ಮೌನವಾಗಿದ್ದ ವಿಳಾಸವನ್ನು ಮರೆತುಬಿಡುವುದರಿಂದ ಒಂದೇ ಸಲ ಕೇಳಿದರೆ ಸಾಲದು. ಒಳಗೆ ಬಂದ ಫ್ರೇಮುಗಳ ಎಣಿಕೆಯನ್ನು ಕೆಲವು ವಾರಗಳ ಅಂತರದಲ್ಲಿ ಹೋಲಿಸಿ ನೋಡಬೇಕು. ಬೆಂಕಿಯ ಮುನ್ನೆಚ್ಚರಿಕೆಯ ಫಲಕ, ಲಿಫ್ಟಿನ ನಿಯಂತ್ರಣ ಪೆಟ್ಟಿಗೆ ಮೊದಲಾದವು ಎಷ್ಟೋ ಕಾಲ ಮೌನವಾಗಿದ್ದು, ಅಗತ್ಯ ಬಿದ್ದಾಗ ಮಾತ್ರ ಮಾತನಾಡಬಲ್ಲವು.

ಹೀಗೆಲ್ಲ ವಿಚಾರಿಸಿದ ಮೇಲೆ ಪೋರ್ಟೊಂದನ್ನು ಮುಚ್ಚುವುದೇ ನಿಶ್ಚಯವಾದರೆ, ‘ಷಟ್‌ಡೌನ್’ ಎಂದು ಬರೆಯುವ ಮೊದಲು ‘ಡಿಸ್ಕ್ರಿಪ್ಷನ್’ ಎಂಬ ಕಮಾಂಡಿನಿಂದ ಗೋಡೆಯ ಸಾಕೆಟ್ಟಿನ ಸಂಖ್ಯೆಯನ್ನೂ, ಮುಚ್ಚಿದ ದಿನಾಂಕವನ್ನೂ, ಕಾರಣವನ್ನೂ ಎರಡು ಮಾತಿನಲ್ಲಿ ಬರೆಯತಕ್ಕದ್ದು. ಸ್ಥಿತಿಪಟ್ಟಿಯ ಹೆಸರಿನ ಅಂಕಣ ಕಿರಿದಾದುದರಿಂದ ಅದರಲ್ಲಿ ಮೊದಲ ಕೆಲವು ಅಕ್ಷರಗಳು ಮಾತ್ರ ಕಾಣುತ್ತವೆ. ಆದಕಾರಣ ಸಾಕೆಟ್ಟಿನ ಸಂಖ್ಯೆ ಮೊದಲು ಬರಬೇಕು. ಪೂರ್ಣ ಬರಹವನ್ನು ‘ಷೋ ಇಂಟರ್‌ಫೇಸಸ್ ಡಿಸ್ಕ್ರಿಪ್ಷನ್’ ಎಂದು ಕೇಳಿ ಓದಿಕೊಳ್ಳಬಹುದು.